ಫೇರ್ ಕಾಪಿಯಲ್ಲಿ ಇಲ್ಲದ ಮಾತು

ಈ ವರ್ಷ ನಮ್ಮ ವಿಭಾಗಕ್ಕೆ ಸೇರಿದ ಹುಡುಗಿಯರ ಮೊಬೈಲಿನಲ್ಲಿ ಒಂದು ಪಿಡಿಎಫ್ ಓಡಾಡುತ್ತಿದೆಯಂತೆ. ನಲವತ್ತು ಪುಟದ್ದು. ನೀಲಿ ಶಾಯಿ, ಎಡಕ್ಕೆ ಕೆಂಪು ಗೀಟು, ಎಲ್ಲೂ ಒಂದು ಚಿತ್ತು ಇಲ್ಲ. ಮೊದಲ ಪುಟದ ಮೂಲೆಯಲ್ಲಿ ಐವತ್ತಕ್ಕೆ ನಲವತ್ತೆಂಟು ಎಂದು ಹಸಿರು ಶಾಯಿಯಲ್ಲಿ ಬರೆದಿದೆ. ಆ ನೀಲಿ ಅಕ್ಷರ ನನ್ನದು, ಆ ಅಂಕಗಳೂ ನನ್ನವೇ. ಅದರಲ್ಲಿ ಒಂದು ಮಾತು ಇಲ್ಲ. ಅದನ್ನು ತೆಗೆದವಳೂ ನಾನೇ. ಮಕ್ಕಳು ಮತ್ತು ಯುವಜನರ ಅಧ್ಯಯನ ಎಂಬ ಈ ಪದವಿಗೆ ಬರುವವರು ಆ ಪಿಡಿಎಫ್ ತೆರೆಯುವ ಮೊದಲು ಇದನ್ನು ಓದಲಿ ಎಂದು ಕುಳಿತು ಬರೆಯುತ್ತಿದ್ದೇನೆ. ನಿವೃತ್ತಿಯಾದ ಮೇಲೆ ಹೊತ್ತಿಗೇನೂ ಕೊರತೆಯಿಲ್ಲ.

ನಾನು ಈ ಪದವಿಗೆ ಸೇರಿದಾಗ ನನಗೆ ಮೂವತ್ತಾರು ವರ್ಷ. ದೊಡ್ಡ ಮಗ ಶಾಲೆಯಲ್ಲಿ ಏಳನೇತ್ತೆ, ಸಣ್ಣವ ನಾಲ್ಕನೇತ್ತೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿ, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಬಾಗಲಕೋಟೆಗೆ ಬಂದವಳು ನಾನು. ವಿದ್ಯಾಗಿರಿಯಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಕಾಲೇಜಿನಲ್ಲಿ ಈ ವಿಷಯ ಹೊಸದಾಗಿ ತೆರೆದಿದ್ದರು. ಹುಡುಗಿಯರು ಸಾಕಷ್ಟು ಸೇರಲಿಲ್ಲವೆಂದು ನನ್ನಂಥ ಗೃಹಿಣಿಯರನ್ನೂ ತೆಗೆದುಕೊಂಡರು.

ಅರ್ಜಿ ತುಂಬುವಾಗ ನಮ್ಮ ಅತ್ತೆ ಪಕ್ಕದಲ್ಲಿ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಎರಡು ಹಡದು ಬೆಳಸೀದಿ. ಇನ್ನ ಮಕ್ಕಳ ಬಗ್ಗೆ ಕಾಲೇಜಿಗೆ ಹೋಗಿ ಕಲಿಯೂದೇನ ಉಳದೈತಿ ನಿರ್ಮಲಾ?" ಎಂದರು.

"ಅವ್ವಾ, ಆಕಿ ನಮ್ಮನ್ನ ಪರೀಕ್ಷಾ ಮಾಡಾಕ ಕಲಿಯಾಕ ಹೊಂಟಾಳ. ನೀ ಸ್ವಲ್ಪ ಹುಷಾರಿಂದ ಇರು," ಎಂದರು ನಮ್ಮವರು. ಇಬ್ಬರೂ ನಕ್ಕರು. ಆ ನಗೆಯಲ್ಲಿ ಕಾಲೇಜಿಗೆ ಹೋಗಲು ಅಪ್ಪಣೆ ಇತ್ತು, ರೊಟ್ಟಿ ಬಡಿಯುವುದಕ್ಕೆ ರಜೆ ಇರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ದೊಡ್ಡ ಮೇಡಂ ಅನ್ನುತ್ತಿದ್ದೆವು. ತೆಳ್ಳಗಿನ ಹೆಂಗಸು. ಸೆರಗಿಗೆ ಎರಡು ಪಿನ್ನು ಹಾಕುತ್ತಿದ್ದರು, ಒಂದು ಬಿಟ್ಟರೆ ಇನ್ನೊಂದು ಇರಲಿ ಎಂದು. ಪಾಠವೂ ಹಾಗೇ ಇತ್ತು. ಮಗುವನ್ನು ಗಮನಿಸಿ ಬರೆಯುವುದನ್ನು ಅವಲೋಕನ ಎನ್ನುತ್ತಾರೆ. ಈ ಓದಿಗೆಲ್ಲ ಅದೇ ತಳಪಾಯ. ಪುಟದ ಎಡಕ್ಕೆ ಹೊತ್ತು ಬರೆಯಬೇಕು. ಬಲಕ್ಕೆ ಮಗು ಏನು ಮಾಡಿತು, ಏನು ಅಂದಿತು ಎಂಬುದು. ಮಗುವಿನ ಹೆಸರು ಹಾಕುವಂತಿಲ್ಲ, "ಮಗು" ಎಂದಷ್ಟೇ. ನಮಗೇನನ್ನಿಸಿತು ಎಂಬುದು ಯಾರಿಗೂ ಬೇಡ.

"ನೀವು ಗ್ವಾಡಿ ಆಗಬೇಕು," ಎಂದರು ಮೊದಲ ದಿನ, ಗೋಡೆಯ ಕಡೆ ಕೈ ತೋರಿಸಿ. "ಗ್ವಾಡಿ ನಗತದೇನು? ಮಾತಾಡತದೇನು? ಮಗು ಬಿದ್ದು ಅತ್ರೂ ಗ್ವಾಡಿ ಎದ್ದು ಬರಂಗಿಲ್ಲ."

ಇದು ನನಗೆ ಬಹಳ ಒಗ್ಗಿತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದೂ ಹೆಚ್ಚು ಕಡಿಮೆ ಇದನ್ನೇ. ಸುಮ್ಮನೆ ಕೂತುಕೋ, ನೇರ ಕೂತುಕೋ, ರಫ್ ಬುಕ್ಕಿನಲ್ಲಿ ಏನು ಬೇಕಾದರೂ ಗೀಚು, ಫೇರ್ ಕಾಪಿಯಲ್ಲಿ ಮಾತ್ರ ತಪ್ಪು ಕಾಣಬಾರದು.

ಮೊದಲ ಅಭ್ಯಾಸಕ್ಕೆ ನಮ್ಮನ್ನು ತುಳಸಿಗೇರಿಯ ಒಂದು ಅಂಗನವಾಡಿಗೆ ಒಯ್ದರು. ನನ್ನ ಪಾಲಿಗೆ ಬಂದ ಮಗುವಿಗೆ ಮೂರು ವರ್ಷ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದರಿಂದ ಒಂದು ಭುಜ ಮೇಲಾಗಿ ಕಾಣುತ್ತಿತ್ತು. ಅದು ಕಡಲೆಕಾಳು ತೆಗೆದು ಒಂದೊಂದಾಗಿ ಮೂಗಿಗೆ ತುರುಕಿಕೊಳ್ಳಲು ಶುರು ಮಾಡಿತು. ನಾನು ಗಡಿಯಾರ ನೋಡಿ ಬರೆದೆ. ಎರಡನೆಯ ಕಾಳು. ಬರೆದೆ. ಅಡುಗೆಯ ಹೆಂಗಸು ಸೌಟು ಹಿಡಿದು ಓಡಿ ಬಂದಳು.

"ಏನ್ರಿ ಬಾಯಾರ! ಕೂಸು ಮೂಗಿನ್ಯಾಗ ಕಡ್ಲಿ ಬಿತ್ತಾಕತ್ತೈತಿ, ನೀವು ಟೈಮ್ ಬರಕೋತ ಕುಂತೀರಲ್ಲ! ಬೆಳಿ ಬಂದ ಮ್ಯಾಲ ಏಳವರೇನು?"

ಗೆಳತಿಯರೆಲ್ಲ ನಕ್ಕರು, ನಾನೂ ನಕ್ಕೆ. ದೊಡ್ಡ ಮೇಡಂ ನನ್ನ ಟಿಪ್ಪಣಿಯ ವಹಿ ಓದಿ, "ಭೇಷ್. ಖರೆ ಅವಲೋಕನ ಅಂದ್ರ ಇದು," ಎಂದರು. ಆ "ಭೇಷ್" ಎಷ್ಟೋ ದಿನ ನನ್ನ ಕಿವಿಯಲ್ಲಿತ್ತು. ಅಡುಗೆಯ ಹೆಂಗಸು ಕಾಳು ಹೇಗೆ ತೆಗೆದಳು ಎಂಬುದನ್ನು ನಾನು ನೋಡಲೇ ಇಲ್ಲ. ವಹಿ ಮುಚ್ಚಿ ಆಗಿತ್ತು.

ಕೊನೆಯ ವರ್ಷಕ್ಕೆ ದೊಡ್ಡ ಫೈಲು. ಒಂದೇ ಮಗುವನ್ನು ವಾರಕ್ಕೊಮ್ಮೆಯಂತೆ ಆರು ತಿಂಗಳು ನೋಡಿ ಬರೆಯಬೇಕು. ಇಳಕಲ್ಲಿನಲ್ಲಿ ನನ್ನ ಅಕ್ಕನ ಮನೆ. ಅವಳ ಹಿಂದಿನ ಓಣಿಯಲ್ಲಿ ಶಂಕ್ರಪ್ಪ ಎಂಬ ನೇಕಾರರು. ಅವರ ಮಗಳು ಸುವರ್ಣಾಳನ್ನು ನಾನು ಆರಿಸಿಕೊಂಡೆ. ಹನ್ನೊಂದು ವರ್ಷದವಳು. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ, ಹುನಗುಂದದಲ್ಲಿ ಬದಲಿಸಿ, ಹತ್ತೂವರೆಗೆಲ್ಲ ಅವರ ಹೊಸ್ತಿಲಿಗೆ ಮುಟ್ಟುತ್ತಿದ್ದೆ.

ಮೊದಲ ದಿನವೇ ಅವಳಿಗೆ ಹೇಳಿದೆ: "ನಾ ಗ್ವಾಡಿ ಇದ್ದಂಗವಾ. ನನ್ನ ಕಡೆ ನೋಡಬ್ಯಾಡ. ನಿನ್ನ ಕೆಲಸ ನೀ ಮಾಡು."

ಅವಳ ಕೆಲಸ ಕಂಡಿಕಿ ಸುತ್ತುವುದು. ರಾಟಿ ತಿರುಗಿಸಿ ಲಡಿಯ ನೂಲನ್ನು ಸಣ್ಣ ಕಡ್ಡಿಗೆ ಸುತ್ತಿ ಅಪ್ಪನಿಗೆ ಕೊಡಬೇಕು, ಅವರು ಮಗ್ಗದ ಕುಣಿಯಲ್ಲಿ ಕುಳಿತು ಅದನ್ನು ಲಾಳಿಗೆ ಹಾಕಿ ನೇಯುತ್ತಿದ್ದರು. ಅದು ಅವಳ ತಾಯಿಯ ಕೆಲಸವಾಗಿತ್ತು. ತಾಯಿಗೆ ಹೆರಿಗೆಯಾದ ಮೇಲೆ ಆರಾಮಿರಲಿಲ್ಲ, ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. "ಅವ್ವ ಆರಾಮ ಆಗೂತನಕ ಅಷ್ಟ ಸಾಲಿ ಬಿಡಿಸೇನಿ," ಎಂದು ಶಂಕ್ರಪ್ಪ ಹೇಳಿದರು, ನಾನು ಕೇಳದಿದ್ದರೂ.

ಶಾಲೆಯ ಚೀಲ ರಾಟಿಯ ಮೇಲಿನ ಮೊಳೆಗೆ ತೂಗುತ್ತಿತ್ತು. ನಾನು ಮೊದಲ ವಾರ ಹೋದಾಗ ಅದು ನೀಲಿಯಿತ್ತು. ನಾಲ್ಕನೇ ವಾರಕ್ಕೆ ನೂಲಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿತ್ತು. ಸುವರ್ಣಾಳ ತೋರುಬೆರಳಿನ ಮಡಿಕೆಯಲ್ಲಿ ನೂಲು ಕೊಯ್ದ ಗೀರುಗಳಿದ್ದವು. ರೇಶಿಮೆ ಕಡಿದಾಗ ತುಟಿಯಿಂದ ಒದ್ದೆ ಮಾಡಿ ಹುರಿ ಮಾಡುತ್ತಿದ್ದಳು, ಅದಕ್ಕೇ ಕೆಳತುಟಿಯ ಬಲಕ್ಕೆ ಕೆಂಪು ಬಣ್ಣ ಹತ್ತಿರುತ್ತಿತ್ತು. ರಾಟಿಯ ಲಯಕ್ಕೆ ಹದಿನೇಳರ ಮಗ್ಗಿ ಹೇಳುತ್ತಿದ್ದಳು. ಹದಿನೇಳ ಏಳಲೆ ನೂರಾ ಹತ್ತೊಂಬತ್ತಕ್ಕೆ ಒಮ್ಮೊಮ್ಮೆ ತಡವರಿಸಿ, ಮತ್ತೆ ಮೊದಲಿಂದ.

ಇದನ್ನೆಲ್ಲ ನಾನು ನೋಡಿದೆ. ಆದರೆ ಬರೆದದ್ದು ಹೀಗೆ: "ಮಗುವಿನ ಕೈ ಮತ್ತು ಕಣ್ಣಿನ ಹೊಂದಾಣಿಕೆ ಉತ್ತಮವಾಗಿದೆ. ಎಡ ಹೆಬ್ಬೆರಳಿನಿಂದ ದಾರದ ಬಿಗಿ ನೋಡಿ, ಬಲಗೈಯಿಂದ ರಾಟಿಯ ವೇಗ ಬದಲಿಸುತ್ತದೆ. ಸಂಖ್ಯೆಗಳ ನೆನಪು ವಯಸ್ಸಿಗೆ ಮೀರಿದ್ದು."

ಸುಳ್ಳಲ್ಲ, ಒಂದಕ್ಷರವೂ ಸುಳ್ಳಲ್ಲ.

ಆರನೇ ವಾರ ಅವಳು ಮಗ್ಗದ ಕಡೆ ಗದ್ದ ಎತ್ತಿ ತೋರಿಸಿ, ತಾನಾಗಿಯೇ ಅಂದಳು: "ಇದು ನಿಮ್ದ ಸೀರಿ ರಿ ಅಕ್ಕಾರ."

ನನಗೆ ಗೊತ್ತಿರಲಿಲ್ಲ. ನನ್ನ ತಮ್ಮನ ಮದುವೆಗೆಂದು ಅಕ್ಕ ನನಗೊಂದು ಸೀರೆ ನೇಯಲು ಹೇಳಿದ್ದಳು, ಯಾರ ಮಗ್ಗಕ್ಕೆ ಎಂದು ನಾನು ಕೇಳಿರಲಿಲ್ಲ. ಕಡುಹಸಿರು ಒಡಲು, ಕೆಂಪು ರೇಶಿಮೆ ಸೆರಗು. ಮದುವೆಗೆ ಮೂರು ವಾರವಿತ್ತು.

ಎಂಟನೇ ವಾರ. ಶಂಕ್ರಪ್ಪ ಚಹಾ ಕುಡಿಯಲು ಹೊರಗೆ ಹೋಗಿದ್ದರು. ಮಗ್ಗದ ಸದ್ದು ನಿಂತಿದ್ದರಿಂದ ರಾಟಿಯ ಕಿರುಗುಟ್ಟುವಿಕೆ ದೊಡ್ಡದಾಗಿ ಕೇಳುತ್ತಿತ್ತು. ಅದೂ ನಿಂತಿತು.

"ಅಕ್ಕಾರ, ನಮ್ಮಪ್ಪಗ ಒಂದ್ ಮಾತು ಹೇಳ್ರಿ. ನಾ ಸಾಲಿಗೆ ಹೋಗ್ತೇನಿ. ನೀವ್ ಹೇಳಿದ್ರ ಕೇಳ್ತಾನ."

ನಾನು ಗೋಡೆಯಲ್ಲವೇ. ಗಡಿಯಾರ ನೋಡಿದೆ, ಹನ್ನೊಂದು ಇಪ್ಪತ್ತು. ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡೆ. ಅವಳು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಬರೆದು ಮುಗಿದ ಮೇಲೆ ಏನಾದರೂ ಅಂದೇನು ಎಂದು ಕಾಯ್ದಳು. ಆಮೇಲೆ ರಾಟಿ ತಿರುಗಿತು.

ನಿಯಮದ ಕಾರಣಕ್ಕೆ ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಮಾತ್ರ. ಅವಳು ಸೋಮವಾರದಿಂದ ಶಾಲೆಗೆ ಹೋಗಿದ್ದರೆ ನನ್ನ ಸೀರೆ ಮದುವೆಗೆ ಕೈ ಸೇರುತ್ತಿರಲಿಲ್ಲ. ಅದು ಆ ಕ್ಷಣವೇ ನನ್ನ ತಲೆಯಲ್ಲಿ ಹಾದುಹೋಗಿತ್ತು. ಹೋದದ್ದು ನನಗೆ ಗೊತ್ತು.

ಫೇರ್ ಕಾಪಿ ಬರೆಯುವ ಮೊದಲು ರಫ್ ಬುಕ್ಕನ್ನು ದೊಡ್ಡ ಮೇಡಂಗೆ ತೋರಿಸುವ ಪದ್ಧತಿ. ಅವರು ಎಂಟನೇ ವಾರದ ಪುಟದಲ್ಲಿ ಪೆನ್ಸಿಲ್ ನಿಲ್ಲಿಸಿದರು.

"ಇದನ್ನ ಯಾಕ ಬರದೀರಿ?"

"ಮಗು ಹಂಗ ಅಂತ್ರಿ ಮೇಡಂ."

"ಅಂತು, ಖರೆ. ಯಾರಿಗೆ ಅಂತು? ನಿಮಗ. ಮಗು ನಿಮ್ಮ ಕೂಡ ಮಾತಾಡ್ತು ಅಂದ್ರ ನೀವು ಗ್ವಾಡಿ ಆಗಿಲ್ಲ ಅಂತಾತು. ಹೊರಗಿನ ಪರೀಕ್ಷಕರು ನೋಡಿದ್ರ ಐದು ಮಾರ್ಕ್ಸ್ ಹಾರಿಸ್ತಾರ. ತಗೀರಿ."

ಪೆನ್ಸಿಲಿನಿಂದ ತೆಳ್ಳಗೆ ಒಂದು ಗೀಟು ಎಳೆದರು. ನಾನು ಆ ಮಾತು ಬಿಟ್ಟು ಬರೆದೆ. ಹನ್ನೊಂದು ಹದಿನೈದರ ಸಾಲಿನ ಕೆಳಗೆ ಹನ್ನೊಂದು ಇಪ್ಪತ್ತೈದರ ಸಾಲು ಕೂತಿತು. ನಡುವೆ ಜಾಗ ಬಿಡಲಿಲ್ಲ. ಕಾನ್ವೆಂಟಿನ ಕೈ, ಎಲ್ಲಿ ಹರಿದಿತ್ತು ಎಂದು ಗೊತ್ತಾಗದ ಹಾಗೆ ಹೊಲಿಯುತ್ತದೆ.

ಮೌಖಿಕ ಪರೀಕ್ಷೆಯ ದಿನ ಅದೇ ಸೀರೆ ಉಟ್ಟುಕೊಂಡು ಹೋದೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. "ಸೀರಿ ಇಳಕಲ್ಲಿಂದೇನ್ರಿ? ಛಲೋ ಐತಿ," ಎಂದರು. ಫೈಲು ತಿರುವಿ, "ಫೈಲೂ ಸೀರಿ ಇದ್ದಂಗ ಐತಿ. ಎಲ್ಲೂ ಎಳಿ ಬಿಟ್ಟಿಲ್ಲ," ಎಂದರು. ದೊಡ್ಡ ಮೇಡಂ ನನ್ನ ಕಡೆ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ನಾನೂ ನಗುತ್ತಾ ಕೈ ಮುಗಿದೆ.

ಇಳಕಲ್ಲಿನ ಆ ಓಣಿಗೆ ಮತ್ತೆ ಹೋಗಲಿಲ್ಲ. ನೀವು ಕೇಳಬಹುದು, ಅಕ್ಕನ ಮನೆ ಅಲ್ಲೇ ಇತ್ತಲ್ಲ ಎಂದು. ಇತ್ತು. ಅಕ್ಕನ ಮನೆಗೆ ಮುಂದಿನ ಬಾಗಿಲಿನಿಂದ ಹೋಗಿ ಮುಂದಿನ ಬಾಗಿಲಿನಿಂದ ಬರುತ್ತಿದ್ದೆ. ಫೈಲು ಮುಗಿದ ಮೇಲೆ ಮಗುವಿನ ಮನೆಗೆ ಹೋಗಬೇಕೆಂದು ಯಾವ ಪಠ್ಯದಲ್ಲೂ ಬರೆದಿಲ್ಲ. ಇಂದಿಗೂ ಬರೆದಿಲ್ಲ, ಬೇಕಾದರೆ ನೋಡಿಕೊಳ್ಳಿ.

ಮುಂದೆ ಅಂಚೆಯ ಮೂಲಕ ಎಂ.ಎ. ಮಾಡಿಕೊಂಡು ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾದೆ. ವಯಸ್ಸಾಗುವವರೆಗೂ ಅತಿಥಿಯೇ. ಆ ಕಥೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಹೇಳಬೇಕಾದದ್ದು ಫೈಲಿನ ಕಥೆ. ದೊಡ್ಡ ಮೇಡಂ ಅದನ್ನು ಕಪಾಟಿನಲ್ಲಿಟ್ಟು, ಪ್ರತಿ ವರ್ಷ ತೆಗೆದು, "ಅವಲೋಕನ ಅಂದ್ರ ಹಿಂಗಿರಬೇಕು," ಎಂದು ತೋರಿಸುತ್ತಿದ್ದರು. ಅವರು ಹೋದ ಮೇಲೆ ನಾನೇ ತೋರಿಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ತೋರಿಸಿದ್ದು ಖರೆ.

ಒಂದು ವರ್ಷ ಶಿಲ್ಪಾ ಎಂಬ ಹುಡುಗಿ ಬಾದಾಮಿಯ ಮಗುವಿನ ಫೈಲು ತಂದಳು. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವವರ ಮಗ, ಐದು ವರ್ಷದವನು. ಓದುತ್ತಾ ಹೋದೆ. ಹನ್ನೆರಡನೇ ಪುಟದಲ್ಲಿ, "ಎಡ ಹೆಬ್ಬೆರಳಿನಿಂದ ದಾರದ ಬಿಗಿ ನೋಡಿ."

"ಶಿಲ್ಪಾ, ಖಾನಾವಳ್ಯಾಗ ದಾರ ಎಲ್ಲಿಂದ ಬಂತವಾ?"

ಅವಳು ಒಂದಿಷ್ಟೂ ಅಳುಕಲಿಲ್ಲ. "ಪಾರ್ಸಲ್ ಕಟ್ಟೂ ದಾರ ರಿ ಮೇಡಂ."

"ಐದು ವರ್ಷದ ಹುಡುಗ ಹದಿನೇಳರ ಮಗ್ಗಿ ಹೇಳ್ತಾನ?"

ಆಗ ನಕ್ಕುಬಿಟ್ಟಳು. "ಎಲ್ಲಾರೂ ಇದನ್ನ ಹಾಕ್ತಾರ ರಿ ಮೇಡಂ. ಇದನ್ನ ಹಾಕಿದ್ರ ಮಾರ್ಕ್ಸ್ ಬರ್ತಾವಂತ ಸೀನಿಯರ್ಸ್ ಹೇಳ್ಯಾರ."

ಅಂದು ಕಪಾಟಿನಲ್ಲಿದ್ದ ಹಳೆಯ ಫೈಲುಗಳನ್ನೆಲ್ಲ ಟೇಬಲ್ಲಿನ ಮೇಲೆ ಹರವಿಕೊಂಡು ಕುಳಿತೆ. ಒಂದರಲ್ಲಿ ಆ ಮಗು ಹುನಗುಂದದ ಡಾಕ್ಟರ ಮಗಳು. ಇನ್ನೊಂದರಲ್ಲಿ ಬಾಗಲಕೋಟೆಯ ಪೊಲೀಸ್ ಕ್ವಾರ್ಟರ್ಸಿನ ಹುಡುಗ. ಎಲ್ಲರ ಕೈ ಕಣ್ಣಿನ ಹೊಂದಾಣಿಕೆಯೂ ಉತ್ತಮವಾಗಿತ್ತು, ಎಲ್ಲರೂ ಹೆಬ್ಬೆರಳಿನಿಂದ ದಾರ ನೋಡುತ್ತಿದ್ದರು. ಶಾಲೆಗೆ ಹೋಗದ ಸುವರ್ಣಾ ಎಲ್ಲರ ಮನೆಯಲ್ಲೂ ಕೂತು ಕಂಡಿಕಿ ಸುತ್ತುತ್ತಿದ್ದಳು. ಯಾವ ಪರೀಕ್ಷಕರೂ ಕೇಳಿರಲಿಲ್ಲ.

ಆಮೇಲೆ ವಿಧಾನಗಳು ಬದಲಾದವು. ವಹಿ ಹೋಗಿ ಅಚ್ಚಾದ ಫಾರಂ ಬಂತು. ಹೌದು, ಇಲ್ಲ, ಭಾಗಶಃ ಎಂದು ಟಿಕ್ ಮಾಡುವುದು. ಆಮೇಲೆ ಮೊಬೈಲಿನಲ್ಲಿ ವೀಡಿಯೊ. ತಂದೆತಾಯಿಯ ಸಹಿ ಬೇಕೆಂಬ ಒಪ್ಪಿಗೆ ಪತ್ರವೂ ಬಂತು, ಅದು ಒಳ್ಳೆಯದೇ. ಮಗುವಿನ ಮಾತಿಗೆ ಮಾತ್ರ ಫಾರಮ್ಮಿನಲ್ಲಿ ಒಂದೇ ಗೆರೆ ಕೊಟ್ಟಿದ್ದರು.

ನನ್ನ ಕೊನೆಯ ವರ್ಷ. ಹುನಗುಂದದ ಮೆಹಜಬೀನ್ ಎಂಬ ವಿದ್ಯಾರ್ಥಿನಿ ಸಪ್ಪೆ ಮುಖ ಮಾಡಿಕೊಂಡು ಬಂದಳು. ಇಳಕಲ್ಲಿನಲ್ಲಿ ಒಂದು ಮನೆಯ ಹುಡುಗಿಯನ್ನು ಆರಿಸಿಕೊಂಡಿದ್ದಳು, ತಾಯಿ ಸಹಿ ಹಾಕಲು ಒಪ್ಪುತ್ತಿಲ್ಲ. "ನೀವು ಒಂದ್ ಸಲ ಬಂದು ಹೇಳ್ರಿ ಮೇಡಂ," ಎಂದಳು.

ಹೋದೆ. ಮನೆ ಬೇರೆ, ಓಣಿ ಬೇರೆ. ಮೂವತ್ತರ ಆಚೀಚೆಯ ಹೆಂಗಸೊಬ್ಬಳು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾ ಕುಳಿತಿದ್ದಳು. ನಾನು ಹೊಸ್ತಿಲ ಬಳಿ ಕೂತೆ. ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು.

"ಬರ್ರಿ ಗ್ವಾಡಿ ಅಕ್ಕಾರ," ಎಂದಳು.

ಅವಳು ಸುವರ್ಣಾ. ಮೆಹಜಬೀನ್ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

"ಕುಂದ್ರೂ ಮೊದಲ ನೆಲ ಕೈಲೆ ಒರಸಿದ್ರಿ ನೋಡ್ರಿ, ಆವಾಗ ಗುರ್ತ ಹತ್ತಿತು. ಪ್ರತಿ ಸಲ ಒರಸ್ತಿದ್ರಿ. ನಮ್ಮವ್ವ ಅಂತಿದ್ಲು, ನಮ್ಮ ಮನಿ ಅಷ್ಟು ಹೊಲಸ ಐತೇನು ಅಂತ. ನೀವಷ್ಟ ನಮ್ಮನ್ನ ನೋಡ್ತಿದ್ರಿ ಅನ್ಕೊಂಡ್ರೇನು? ನಾವೂ ನೋಡ್ತಿದ್ವಿ."

ನಾನು ಬಂದ ಕೆಲಸವನ್ನೇ ಹೇಳಿದೆ. ಈ ಹುಡುಗಿ ನಿನ್ನ ಮಗಳನ್ನು ವಾರಕ್ಕೊಮ್ಮೆ ನೋಡುತ್ತಾಳೆ, ತೊಂದರೆ ಏನೂ ಇಲ್ಲ ಎಂದು.

"ನಮ್ಮ ಮನ್ಯಾಗ ಗ್ವಾಡಿ ನಾಕ ಅದಾವ್ರಿ. ಐದನೇದು ಬ್ಯಾಡ." ಕುಚ್ಚಿನ ಗಂಟು ಬಿಗಿದು, ದಾರ ಹಲ್ಲಿನಿಂದ ಕಡಿದಳು. "ನನ್ನ ಬಗ್ಗೆ ಆರು ತಿಂಗಳ ಬರದ್ರಲ್ಲ, ಅದನ್ನ ಮೊದಲ ಓದಿ ಹೇಳ್ರಿ. ಆಮ್ಯಾಲೆ ನೋಡೂಣು."

ಮುಂದಿನ ಶನಿವಾರ ಫೈಲನ್ನು ಚೀಲದಲ್ಲಿಟ್ಟುಕೊಂಡು, ಮೆಹಜಬೀನಳ ಜೊತೆ ಮತ್ತೆ ಹೋದೆ. ನೆಲ ಒರಸದೆ ಕೂತೆ. ನಲವತ್ತು ಪುಟ ಓದಿದೆ. ಸುವರ್ಣಾ ಕೈ ನಿಲ್ಲಿಸಲಿಲ್ಲ. ಕೈ ಕಣ್ಣಿನ ಹೊಂದಾಣಿಕೆ ಬಂದಾಗ, "ಛಲೋ ಅಂದೀರಿ ಬಿಡ್ರಿ," ಎಂದು ನಕ್ಕಳು. ಮಗ್ಗಿಯ ಮಾತು ಬಂದಾಗ ನಗಲಿಲ್ಲ. ಎಂಟನೇ ವಾರ ಓದುವಾಗ ಅವಳ ಕೈ ನಿಧಾನವಾಯಿತು. ನಾನು ಹನ್ನೊಂದು ಹದಿನೈದು ಓದಿದೆ, ಹನ್ನೊಂದು ಇಪ್ಪತ್ತೈದು ಓದಿದೆ. ಮುಂದಕ್ಕೆ ಹೋದೆ.

"ಮುಗೀತೇನ್ರಿ?"

"ಮುಗೀತವಾ."

"ನಾ ನಿಮ್ಮನ್ನ ಒಂದ್ ಮಾತು ಕೇಳಿದ್ದೆ. ಅದು ಬರಲಿಲ್ಲ."

"ರಫ್ ಬುಕ್ಕಿನ್ಯಾಗ ಬರದಿದ್ದೆ ಸುವರ್ಣಾ."

"ಅದೆಲ್ಲೈತಿ?"

"ರದ್ದಿಗೆ ಹೋತು."

ಅವಳು ಸೀರೆಯನ್ನು ಮಡಿಲಿನಿಂದ ಕೆಳಗಿಟ್ಟಳು. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಮೆಲ್ಲಗೇ ಅಂದಳು: "ನೀವು ಹೇಳಿದ್ರ ಅಪ್ಪ ಕಳಸ್ತಿದ್ದನೋ ಇಲ್ಲೋ, ಅದು ಬ್ಯಾರೆ. ಅವ್ವ ಆರಾಮ ಆಗಲಿಲ್ಲ, ನಾ ಹೋಗಲಿಲ್ಲ. ಹದಿನೇಳಕ್ಕ ಲಗ್ನ ಆತು. ಅದರ ಲೆಕ್ಕ ನಿಮ್ಮ ತಲಿ ಮ್ಯಾಲ ಹಾಕಂಗಿಲ್ಲ. ಆದ್ರ ನಾ ಕೇಳಿದ್ದೆ ರಿ. ಬಾಯಿ ಬಿಟ್ಟು ಕೇಳಿದ್ದೆ. ಇದರಾಗ ನೋಡಿದ್ರ ನಾ ಕೇಳೇ ಇಲ್ಲ, ಖುಷೀಲೆ ರಾಟಿ ತಿರುವಕೋತ ಕುಂತಿದ್ದೆ ಅಂದಂಗಾತು."

ನಾನು ತಪ್ಪಾಯಿತು ಎಂದೆ. ಅವಳು ಸೀರೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಮಗಳ ವಿಷಯಕ್ಕೆ ಒಪ್ಪಲಿಲ್ಲ. "ಆಕಿ ಸಾಲಿಗೆ ಹೋಗ್ಯಾಳ. ನೋಡಬೇಕಂದ್ರ ಅಲ್ಲಿ ಹೋಗಿ ನೋಡ್ರಿ," ಎಂದಳು. ಏಳುವಾಗ, ಈ ತಪ್ಪನ್ನು ಎಲ್ಲಾದರೂ ಬರೆಯಲೇ, ಹೆಸರು ಹಾಕುವುದಿಲ್ಲ ಎಂದು ಕೇಳಿದೆ.

"ಹಾಕ್ರಿ. ಮಗು ಮಗು ಅಂತ ಎಷ್ಟು ಸಲ ಬರದೀರಿ. ನನಗೊಂದು ಹೆಸರೈತಿ."

ಬಾಗಲಕೋಟೆಗೆ ಹಿಂದಿರುಗುವ ಬಸ್ಸು ಅಮೀನಗಡ ದಾಟಿತು. ಆಮೇಲೆ ಮೆಹಜಬೀನ್ ಕೇಳಿದಳು: "ಮೇಡಂ, ನಾ ಬ್ಯಾರೆ ಮನ್ಯಾಗ ಕುಂತಾಗ ಮಗು ಹಿಂಗ ಏನರ ಕೇಳಿದ್ರ ನಾ ಏನ್ ಮಾಡ್ಲಿ?"

"ಬರಕೋ. ಆಮೇಲೆ ವಹಿ ಮುಚ್ಚಿಟ್ಟು ಉತ್ತರ ಕೊಡು."

"ಮಾರ್ಕ್ಸ್ ರಿ?"

"ಹೋಗ್ತಾವ," ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಮರುದಿನ ಫೈಲಿನ ಎಂಟನೇ ವಾರದ ಪುಟದಲ್ಲಿ ಆ ಮಾತನ್ನು ಸೇರಿಸಿದೆ. ಸಾಲುಗಳ ನಡುವೆ ಜಾಗವಿರಲಿಲ್ಲ, ಅಂಚಿನಲ್ಲಿ ಓರೆಯಾಗಿ ಬರೆದೆ. ಅಕ್ಷರ ಚೆನ್ನಾಗಿ ಬರಲಿಲ್ಲ. ಸೋಮವಾರ ವಿಭಾಗಕ್ಕೆ ಒಯ್ದು ಕೊಟ್ಟೆ. ಈಗಿನ ಮುಖ್ಯಸ್ಥರು ಒಳ್ಳೆಯ ಹುಡುಗ, ಎದ್ದು ನಿಂತೇ ಮಾತಾಡಿದ. "ಅವೆಲ್ಲ ಹೋದ ವರ್ಷನ ಸ್ಕ್ಯಾನ್ ಆಗ್ಯಾವ್ರಿ ಮೇಡಂ. ಕಪಾಟ ಖಾಲಿ ಮಾಡಾಕತ್ತೇವಿ. ಇದನ್ನ ನೆನಪಿಗೆ ನೀವ ಇಟ್ಕೊಳ್ರಿ," ಎಂದ. ಇನ್ನೊಮ್ಮೆ ಸ್ಕ್ಯಾನ್ ಮಾಡಿ ಎಂದರೆ, "ಮಾಡೂಣಂತ ರಿ," ಎಂದ. ಮಾಡಿಲ್ಲ. ಮಾಡಿದರೂ, ನಿಮ್ಮ ಮೊಬೈಲುಗಳಲ್ಲಿ ಆಗಲೇ ಕೂತದ್ದನ್ನು ಯಾರು ತೆಗೆಸಬೇಕು?

ಹಾಗಾಗಿ ಇಲ್ಲೇ ಕೊಡುತ್ತೇನೆ. ಪಿಡಿಎಫ್‌ನ ಹದಿನಾಲ್ಕನೇ ಪುಟ ತೆರೆಯಿರಿ. ಹನ್ನೊಂದು ಹದಿನೈದಕ್ಕೂ ಹನ್ನೊಂದು ಇಪ್ಪತ್ತೈದಕ್ಕೂ ನಡುವೆ ಇದನ್ನು ಬರೆದುಕೊಳ್ಳಿ.

ಹನ್ನೊಂದು ಇಪ್ಪತ್ತು. ಸುವರ್ಣಾ ರಾಟಿ ನಿಲ್ಲಿಸಿದಳು. "ಅಕ್ಕಾರ, ನಮ್ಮಪ್ಪಗ ಒಂದ್ ಮಾತು ಹೇಳ್ರಿ. ನಾ ಸಾಲಿಗೆ ಹೋಗ್ತೇನಿ. ನೀವ್ ಹೇಳಿದ್ರ ಕೇಳ್ತಾನ," ಎಂದಳು. ನೋಡಲು ಬಂದಿದ್ದ ಹೆಂಗಸು ಗಡಿಯಾರ ನೋಡಿ ಬರೆದುಕೊಂಡಳು. ಸುವರ್ಣಾ ಸ್ವಲ್ಪ ಹೊತ್ತು ಕಾಯ್ದಳು. ಆಮೇಲೆ ಮತ್ತೆ ರಾಟಿ ತಿರುಗಿಸಿದಳು.